ಹಿಂಡಿನ ಹಾದಿಗೆ ಅಡ್ಡಬಂದ ಬೇಲಿ

ಪೂರ್ವ ಆಫ್ರಿಕದ ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿದರೆ, ಕೀನ್ಯಾ ಟಾಂಜಾನಿಯಾಗಳ ನಡುವಣ ಗಡಿರೇಖೆಯು ವಿಕ್ಟೋರಿಯಾ ಸರೋವರದ ದಡದಿಂದ ಹೊರಟು ಕಿಲಿಮಂಜಾರೋ ಪರ್ವತದ ಬುಡದವರೆಗೆ ನೆಟ್ಟಗೆ ಓಡಿರುವುದು ಕಾಣುತ್ತದೆ. ಬ್ರಿಟನ್ನೂ ಜರ್ಮನಿಯೂ 1886ರಲ್ಲಿ ಒಡಂಬಡಿಕೆ ಮಾಡಿಕೊಂಡು ಎಳೆದ ಆ ಗೆರೆಯ ಕರ್ತೃಗಳಲ್ಲಿ ಒಬ್ಬರಾದರೂ ಆ ನೆಲವನ್ನು ಕಾಲ್ನಡೆಯಲ್ಲಿ ದಾಟಿದ್ದರೆಂದು ನಂಬುವುದು ಕಷ್ಟ. ಆ ಗೆರೆಗೆ ಇಂದಿಗೂ ಸೊಪ್ಪು ಹಾಕದ ಜೀವಿಗಳು ಅಲ್ಲಿ ಲಕ್ಷಗಟ್ಟಲೆ ಇವೆ. ಹುಲ್ಲೆಯ ಕುಲಕ್ಕೆ ಸೇರಿದ್ದರೂ ನೋಟಕ್ಕೆ ಬಡಕಲು ಹೋರಿಯಂತಿರುವ ವೈಲ್ಡ್‌ಬೀಸ್ಟ್ ಎಂಬ ಮೃಗವು, ಸುಮಾರು ಎರಡು ಲಕ್ಷ ಜೀಬ್ರಾಗಳನ್ನೂ ಅದಕ್ಕಿಂತ ಹೆಚ್ಚಿನ ಸಂಖ್ಯೆಯ ಗೆಜೆಲ್ ಎಂಬ ಪುಟ್ಟ ಹುಲ್ಲೆಗಳನ್ನೂ ಜೊತೆಗೂಡಿಸಿಕೊಂಡು, ಟಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ ಕೀನ್ಯಾದ ಮಾಸಾಯಿ ಮಾರಾ ಹುಲ್ಲುಗಾವಲಿಗೂ ಅಲ್ಲಿಂದ ಮರಳಿ ಸೆರೆಂಗೆಟಿಗೂ ಪ್ರತಿವರ್ಷ ಸುತ್ತುತ್ತಿರುತ್ತದೆ. ನೇರವಾಗಿ ಅಳೆದರೆ ಆ ವರ್ತುಲವು ಕೆಲವು ನೂರು ಕಿಲೋಮೀಟರುಗಳಷ್ಟೆ. ಆದರೆ ಮಳೆ ಬಿದ್ದ ಕಡೆಗೆ ಹೊರಳುತ್ತ, ಹಿಂದುಮುಂದಾಗುತ್ತ, ಅಲೆಯುತ್ತ ನಡೆಯುವ ಪ್ರಾಣಿ ವರ್ಷವೊಂದರಲ್ಲಿ ಸಾವಿರ ಕಿಲೋಮೀಟರಿಗೂ ಮೀರಿ ಕ್ರಮಿಸುತ್ತದೆ.

ಈ ಮಹಾಸಂಚಾರವನ್ನು ಪರದೆಯ ಮೇಲೆ ಕಂಡು ಬೆರಗಾದವರು ನಮ್ಮಲ್ಲಿ ಬಹುಮಂದಿ. ಬೆರಗು ಒಳ್ಳೆಯದೇ. ಆದರೆ ಮೃಗಗಳನ್ನು ಒಂದು ಉದ್ಯಾನದ ಸರಹದ್ದಿನೊಳಗೆ ಇಟ್ಟು, ಬಂದೂಕು ಹಿಡಿದ ಕಾವಲುಗಾರರನ್ನು ಸುತ್ತ ನಿಲ್ಲಿಸಿದರೆ ಅವುಗಳ ರಕ್ಷಣೆಯ ಕೆಲಸ ಮುಗಿಯಿತೆಂದು ಸರಕಾರಗಳೂ ದಾನಿಗಳೂ ತಿಳಿದಿರುವಂತೆ ತೋರುತ್ತದೆ. ಆ ತಿಳಿವಳಿಕೆಯಲ್ಲಿ ದೊಡ್ಡದೊಂದು ದೋಷವಿದೆಯೆಂಬುದು ನನ್ನ ಅಭಿಪ್ರಾಯ. ಹಿಂಡಿನ ಹಾದಿಯ ಮುಖ್ಯವಾದೊಂದು ಭಾಗವು ಉದ್ಯಾನದ ಹೊರಗೆ, ದನಗಾಹಿಗಳಾದ ಮಾಸಾಯಿ ಜನರ ಮೇವಿನ ನೆಲದಲ್ಲಿ ಹಾಯುತ್ತದೆ. ಆ ನೆಲ ತೆರೆದಿದ್ದರೆ ಸಂಚಾರ ಉಳಿಯುವುದು, ಮುಚ್ಚಿದರೆ ಅಳಿಯುವುದು. ಮುಚ್ಚಬೇಕೆ ತೆರೆದಿಡಬೇಕೆ ಎಂಬುದನ್ನು ತೀರ್ಮಾನಿಸತಕ್ಕವರು ಕಡೆಗೂ ಆ ದನಗಾಹಿಗಳೇ.

ಮೃಗಗಳು ಯಾತಕ್ಕಾಗಿ ನಡೆಯುತ್ತವೆಂಬುದನ್ನು ಮೊದಲು ನೋಡೋಣ. ಸೆರೆಂಗೆಟಿಯ ಆಗ್ನೇಯ ಭಾಗದ ಬಯಲು ಪೂರ್ವದ ಜ್ವಾಲಾಮುಖಿಗಳು ಯುಗಯುಗಾಂತರಗಳಲ್ಲಿ ಉಗುಳಿದ ಬೂದಿಯಿಂದಾದದ್ದು; ಅವುಗಳ ಪೈಕಿ ಓಲ್ ಡೊಯ್ನ್ಯೊ ಲೆಂಗಾಯ್ ಎಂಬುದು ಈಗಲೂ ಆರಿಲ್ಲ. ಬೂದಿಯಲ್ಲಿದ್ದ ಸುಣ್ಣದ ಅಂಶವು ಮಳೆನೀರಿನೊಡನೆ ಕೆಳಗಿಳಿದು ನೆಲದಡಿಯಲ್ಲಿ ಕಲ್ಲಿನಂಥ ಪದರವಾಗಿ ಹೆಪ್ಪುಗಟ್ಟಿರುವುದರಿಂದ ಅಲ್ಲಿ ಮರಗಳು ಬೇರೂರಲಾರವು. ಗೇಣುದ್ದ ಮೀರದ ಹುಲ್ಲು ಮಾತ್ರ ಬೆಳೆಯುವುದು, ಆದರೆ ಆ ಹುಲ್ಲು ಸುಣ್ಣ ರಂಜಕಾದಿ ಸತ್ತ್ವಗಳಿಂದ ತುಂಬಿದ್ದು, ಹಾಲೂಡುವ ತಾಯಿಗೆ ಅದಕ್ಕಿಂತ ಹಿತವಾದ ಮೇವು ಸುತ್ತಲೆಲ್ಲೂ ಸಿಕ್ಕುವುದಿಲ್ಲ. ಕುಂದು ಒಂದೇ: ಅಲ್ಲಿ ಬೀಳುವ ಮಳೆ ಅಲ್ಪ, ಜೂನ್ ಹೊತ್ತಿಗೆ ಹುಲ್ಲು ಒಣಗಿ, ಹೊಂಡಗಳಲ್ಲಿ ಉಳಿದ ನೀರು ಸವುಳಾಗಿ ಬಾಯಿಗೆ ಹತ್ತದಂತಾಗುವುದು. ಉತ್ತರದ ಮಾರಾ ಪ್ರದೇಶದಲ್ಲಿಯಾದರೋ ಮಳೆ ಎರಡು ಪಟ್ಟು. ಹುಲ್ಲು ಎತ್ತರ, ಸತ್ತ್ವ ಕಡಮೆ, ಆದರೆ ಬೇಸಗೆಯಲ್ಲಿಯೂ ಹರಿಯುವ ನದಿಯಿದೆ. ಒಂದೆಡೆ ಸತ್ತ್ವ, ಮತ್ತೊಂದೆಡೆ ನೀರು. ಎರಡೂ ಒಂದೇ ತಾಣದಲ್ಲಿ ದೊರೆತಿದ್ದರೆ ಈ ಪ್ರಾಣಿ ಮಹಾಸೋಮಾರಿಯಾಗಿ ಬಿದ್ದಿರುತ್ತಿತ್ತೋ ಏನೋ!

ಫೆಬ್ರವರಿ ತಿಂಗಳಲ್ಲಿ ಎನ್ಡೂಟು ಸರೋವರದ ಸುತ್ತಣ ಬಯಲಿನಲ್ಲಿ ನಡೆಯುವ ಪ್ರಸವವಂತೂ ನದಿ ದಾಟುವ ನೋಟಕ್ಕಿಂತಲೂ ಸೋಜಿಗವಾದದ್ದೆಂದು ಬಲ್ಲವರು ಹೇಳುತ್ತಾರೆ. ಮೇ ಜೂನ್ ತಿಂಗಳುಗಳಲ್ಲಿ ಒಟ್ಟಿಗೆ ಬೆದೆಗೆ ಬಂದು, ಎಂಟೂವರೆ ತಿಂಗಳು ಹೊತ್ತ ಹೆಣ್ಣುಗಳು ಮೂರು ವಾರಗಳ ಅವಧಿಯೊಳಗೆ ಬಹುಪಾಲು ಈದುಬಿಡುತ್ತವೆ. ಮಾಸಿನ ಪೊರೆಯನ್ನು ಹೊದ್ದುಕೊಂಡೇ ನೆಲಕ್ಕೆ ಜಾರಿದ ಕಂದುಬಣ್ಣದ ಕರು, ಮುಂಗಾಲನ್ನು ಊರಿ ಏಳಲು ಹೋಗಿ ಮುಗ್ಗರಿಸಿ, ಮತ್ತೆ ಎದ್ದು, ಹಿಂಗಾಲು ಸೋತು ಕುಸಿದು, ಹುಟ್ಟಿದ ಹತ್ತು ನಿಮಿಷಗಳೊಳಗಾಗಿ ತಾಯಿಯ ಪಕ್ಕದಲ್ಲಿ ನಿಂತಿರುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಓಡಲಾರಂಭಿಸುತ್ತದೆ. ಅದಕ್ಕೆ ಅಷ್ಟು ಆತುರವೇಕೆಂದು ಕೇಳುವವರು ಸುತ್ತ ಕಾದುಕುಳಿತ ಕತ್ತೆಕಿರುಬಗಳನ್ನು ನೋಡಿದರೆ ಸಾಕು. ಕರುಗಳು ವರ್ಷಪೂರ್ತಿ ಬಿಡಿಬಿಡಿಯಾಗಿ ಹುಟ್ಟಿದ್ದರೆ ಒಂದೊಂದೂ ಬೇಟೆಗಾರರ ಹೊಟ್ಟೆ ಸೇರುತ್ತಿತ್ತು. ಲಕ್ಷಗಟ್ಟಲೆ ಒಮ್ಮೆಗೇ ಹುಟ್ಟುವುದರಿಂದ ಕತ್ತೆಕಿರುಬಗಳೂ ಸಿಂಹಗಳೂ ಎಷ್ಟು ತಿಂದರೂ ತಿಂದು ಮುಗಿಸಲಾರವು. ತಾಯಿಯ ವಾಸನೆ ಮೂಗಿನಲ್ಲಿ ನೆಲೆಗೊಳ್ಳುವ ಮೊದಲೇ ಗದ್ದಲದಲ್ಲಿ ತಪ್ಪಿಸಿಕೊಂಡ ಕರು, ಚಲಿಸುವುದೇನನ್ನು ಕಂಡರೂ ಅದರ ಹಿಂದೆ ಹೋಗುವುದು. ಪ್ರವಾಸಿಗರ ಜೀಪಿನ ಬೆನ್ನಟ್ಟಿದ ಕರುಗಳುಂಟು, ಕತ್ತೆಕಿರುಬದ ಹಿಂದೆಯೇ ನಡೆದುಹೋದ ಕರುಗಳೂ ಉಂಟು.

ಉತ್ತರಕ್ಕೆ ಹೊರಟ ಹಿಂಡಿನಲ್ಲಿ ಮೇಯುವುದಕ್ಕೂ ಒಂದು ಕ್ರಮವಿದೆಯೆಂದು ವಿಜ್ಞಾನಿಗಳು ಕಂಡುಕೊಂಡಿರುವರು. ಒರಟು ದಂಟನ್ನು ಅರಗಿಸಿಕೊಳ್ಳಬಲ್ಲ ಜೀಬ್ರಾ ಎತ್ತರದ ಹುಲ್ಲಿನ ತುದಿಯನ್ನು ಕತ್ತರಿಸಿ ಹಾಕುವುದು. ಅಗಲ ಮೂತಿಯ ವೈಲ್ಡ್‌ಬೀಸ್ಟ್ ಕೆಳಗಣ ಎಲೆಯನ್ನು ತರಿಯುವುದು. ಅವು ಮುಂದೆ ಸಾಗಿದಮೇಲೆ ಮರಳಿ ಚಿಗುರಿದ ಎಳಸನ್ನು ಕಿರಿಬಾಯಿಯ ಗೆಜೆಲ್ ಹೆಕ್ಕುವುದು. ಹಿಂಡು ಮೇದುಹೋದ ನೆಲದಲ್ಲಿ ಹುಲ್ಲು ನಾಶವಾಗುವ ಬದಲು ಹುರುಪಿನಿಂದ ಚಿಗುರುತ್ತದೆಂದು ಮೆಕ್‌ನಾಟನ್ ಎಂಬ ವಿಜ್ಞಾನಿ 1976ರಲ್ಲಿಯೇ ತೋರಿಸಿದ್ದರು.

ಮಾರಾ ನದಿಯನ್ನು ಹಿಂಡು ದಾಟುವ ಪ್ರಸಂಗವನ್ನು ವರ್ಣಿಸಹೋಗುವುದಿಲ್ಲ. ಅದನ್ನು ಚಿತ್ರಗಳಲ್ಲಿ ನೋಡದವರು ವಿರಳ. ಚಿತ್ರಗಳು ಮೊಸಳೆಯನ್ನು ಖಳನಾಯಕನನ್ನಾಗಿ ಮಾಡಿದ್ದರೂ, ಸತ್ಯಾಂಶವೇನೆಂದರೆ ಹೆಚ್ಚು ಪ್ರಾಣಿಗಳು ಸಾಯುವುದು ನೂಕುನುಗ್ಗಲಿನಲ್ಲಿ, ಪ್ರವಾಹದಲ್ಲಿ ಮುಳುಗಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕದಂತೆ ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್‌ಗಳು ಆ ನದಿಯಲ್ಲಿ ಮುಳುಗಿ ಸಾಯುತ್ತವೆ. ತೂಕದಲ್ಲಿ ಸುಮಾರು 1,100 ಟನ್ನು. ಮೊಸಳೆ ತಿನ್ನುವುದು ಅದರಲ್ಲಿ ಸ್ವಲ್ಪವನ್ನೇ. ರಣಹದ್ದುಗಳೂ ಮಾರಬೂ ಕೊಕ್ಕರೆಗಳೂ ತಮ್ಮ ಪಾಲನ್ನು ಎತ್ತಿಕೊಂಡು ದೂರದ ಗೂಡುಗಳಿಗೆ ಒಯ್ಯುವುವು, ಮೆತ್ತನೆಯ ಮಾಂಸವು ಕೆಲವೇ ವಾರಗಳಲ್ಲಿ ಮೀನುಗಳಿಗೂ ನೀರಿಗೂ ಸೇರುವುದು, ಎಲುಬುಗಳು ಮಾತ್ರ ಏಳು ವರ್ಷಗಳ ಕಾಲ ತಳದಲ್ಲಿ ಕರಗುತ್ತ ರಂಜಕವನ್ನು ನದಿಗೆ ಉಣಿಸುತ್ತಿರುವುವು. ನದಿ ದಾಟುವ ಹಿಂಡು ನಿಂತರೆ ನದಿಯ ಮೀನಿಗೂ ಬಡತನ ಬಂದೀತು.

ಇನ್ನು, ಈ ಸಂಪತ್ತು ಅನಾದಿಕಾಲದಿಂದ ಹೀಗೆಯೇ ಅಖಂಡವಾಗಿ ಬಂದದ್ದೆಂಬ ಭ್ರಮೆ ಬೇಡ. 1887ರ ಸುಮಾರಿಗೆ ಇಟಲಿಯ ಸೇನೆಯವರು ಎರಿಟ್ರಿಯಾಕ್ಕೆ ಹಡಗಿನಲ್ಲಿ ತರಿಸಿಕೊಂಡ ದನಗಳ ಜೊತೆಯಲ್ಲಿ, ನಮ್ಮ ರೈತರು ದೊಡ್ಡರೋಗವೆಂದು ಹೆಸರಿಟ್ಟು ಹೆದರುತ್ತಿದ್ದ ಜಾನುವಾರು ಮಾರಿ ಆಫ್ರಿಕವನ್ನು ಹೊಕ್ಕಿತು. ಆ ದನಗಳು ಭಾರತದಿಂದಲೇ ಹೋದವೆಂದು ಚರಿತ್ರಕಾರರಲ್ಲಿ ಅನೇಕರ ಮತ. ಹತ್ತು ವರ್ಷಗಳೊಳಗೆ ಅದು ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ಹಾದಿಯಲ್ಲಿ ಹತ್ತು ದನಗಳಿಗೆ ಎಂಟೊಂಬತ್ತನ್ನು ಕೊಂದಿತು, ಕಾಡಿನ ಮೆಲುಕುಹಾಕುವ ಮೃಗಗಳನ್ನೂ ಬಿಡಲಿಲ್ಲ. ಹಾಲನ್ನೇ ನಂಬಿದ್ದ ಮಾಸಾಯಿಗಳು ಹಸಿವಿನಿಂದಲೂ ಬೆನ್ನಿಗೇ ಬಂದ ಸಿಡುಬಿನಿಂದಲೂ ಹಳ್ಳಿಹಳ್ಳಿಯಾಗಿ ನಿರ್ನಾಮವಾದರು. ತರುವಾಯ ಬಂದ ಯೂರೋಪಿನ ಅಧಿಕಾರಿಗಳು ಕಂಡದ್ದು ಆ ಶೂನ್ಯವನ್ನು. ಜನರಿಲ್ಲದ ಬಯಲನ್ನು ನೋಡಿ, ಇದು ಸೃಷ್ಟಿಯ ಆದಿಯಿಂದಲೂ ನಿರ್ಮಾನುಷವಾಗಿದ್ದ ಮೃಗಭೂಮಿಯೆಂದು ಅವರು ಬಗೆದರು. ಆ ಅಪಗ್ರಹಿಕೆ ಈ ಹೊತ್ತಿಗೂ ಸಂಪೂರ್ಣವಾಗಿ ಹೋಗಿಲ್ಲ.

ರೋಗದ ಅಂತ್ಯವೂ ವಿಚಾರಾರ್ಹವಾದದ್ದೇ. ವೈಲ್ಡ್‌ಬೀಸ್ಟ್‌ಗಳಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಸೆರೆಂಗೆಟಿಯ ಸುತ್ತಣ ದನಗಳಿಗೆ ಲಸಿಕೆ ಹಾಕಿದರು. ಕೀನ್ಯಾದ ಮುಗುಗಾ ಪ್ರಯೋಗಶಾಲೆಯಲ್ಲಿ ವಾಲ್ಟರ್ ಪ್ಲೌರೈಟ್ ಸಿದ್ಧಪಡಿಸಿದ ಲಸಿಕೆ ಆ ಕಾರ್ಯಕ್ಕೆ ಬಲುಮಟ್ಟಿಗೆ ಆಸರೆಯಾಯಿತು. ದನಗಳಲ್ಲಿ ರೋಗ ನಿಂತೊಡನೆಯೇ ಮೃಗಗಳಲ್ಲಿಯೂ ನಿಂತಿತು. 1960ರ ದಶಕದ ಆರಂಭದಲ್ಲಿ ಎರಡೂವರೆ ಲಕ್ಷದಷ್ಟಿದ್ದ ವೈಲ್ಡ್‌ಬೀಸ್ಟ್‌ಗಳು 1977ರ ಹೊತ್ತಿಗೆ ಹದಿಮೂರು ಲಕ್ಷವನ್ನು ಮುಟ್ಟಿದವು. ಅಷ್ಟು ಬಾಯಿಗಳು ಹುಲ್ಲನ್ನು ಮೇದುದರಿಂದ ಕಾಳ್ಗಿಚ್ಚಿಗೆ ಸೌದೆ ಸಾಲದೆ, ಮರಗಳು ಕೂಡ ಮತ್ತೆ ತಲೆಯೆತ್ತಿದವು. 2011ರಲ್ಲಿ ಈ ರೋಗ ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸಂಸ್ಥಾನದವರು ಸೀರಂ ಸಂಸ್ಥೆಯನ್ನು ಕಟ್ಟಿದ್ದು ಮುಖ್ಯವಾಗಿ ಈ ಶತ್ರುವಿಗಾಗಿಯೇ ಎಂಬುದನ್ನು ನೆನೆದರೆ, ಆ ದೂರದ ಬಯಲಿನ ಕಷ್ಟಸುಖ ನಮಗೆ ಅಷ್ಟೊಂದು ಪರಕೀಯವಲ್ಲ. ದನಗಾಹಿಯ ಕೊಟ್ಟಿಗೆ ಕ್ಷೇಮವಾಗಿದ್ದರೆ ಕಾಡುಮೃಗವೂ ಕ್ಷೇಮವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನವನ್ನು ನಾನರಿಯೆ.

ಹೀಗಿದ್ದೂ ಆಳುವವರು ಮಾಡಿದ್ದೇನು? 1951ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವಾಯಿತು. 1959ರಲ್ಲಿ ಅದರ ಪೂರ್ವಭಾಗವನ್ನು ಬೇರ್ಪಡಿಸಿ ಎನ್‌ಗೊರೊಂಗೊರೊ ಎಂಬ ಪ್ರತ್ಯೇಕ ಪ್ರದೇಶವನ್ನು ಮಾಡಿ, ಉದ್ಯಾನದೊಳಗಿದ್ದ ಮಾಸಾಯಿಗಳಿಗೆ ಅಲ್ಲಿಗೆ ಹೋಗಿರೆಂದರು. ಜರ್ಮನಿಯ ಬೆರ್ನ್‌ಹಾರ್ಡ್ ಗ್ರ್ಜಿಮೆಕ್ ಮತ್ತು ಅವರ ಮಗ ಮಿಖಾಯೆಲ್ ಆ ಸಮಯದಲ್ಲಿ ಜೀಬ್ರಾದ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಹಾರಿ ಮೃಗಗಳನ್ನು ಎಣಿಸಿದರು; ಹೊಸ ಸರಹದ್ದಿನ ಹೊರಗೇ ಹಿಂಡುಗಳು ತಿಂಗಳುಗಟ್ಟಲೆ ಮೇಯುತ್ತವೆಂದು ತೋರಿಸಿದರು. ರಣಹದ್ದಿಗೆ ಬಡಿದು ಆ ವಿಮಾನ ಉರುಳಿದಾಗ ಮಗ ತೀರಿಕೊಂಡನು. ಅವರ ಸಾಹಸ ಸ್ಮರಣೀಯ. ಆದರೆ ಮನುಷ್ಯನಿಲ್ಲದ ಉದ್ಯಾನವೇ ಆದರ್ಶವೆಂಬ ಅವರ ಭಾವನೆಯನ್ನು ನಾನು ಒಪ್ಪಲಾರೆ. ಏಕೆಂದರೆ ಕಾಲಕ್ರಮದಲ್ಲಿ ಆದದ್ದನ್ನು ನೋಡಿರಿ: ಕರು ಹಾಕುವ ಬಯಲಿನ ಬಹುಭಾಗ ಇಂದಿಗೂ ಇರುವುದು ಎನ್‌ಗೊರೊಂಗೊರೊದಲ್ಲಿ, ಅಂದರೆ ದನಗಾಹಿಗಳು ಬಾಳಲು ಅನುಮತಿಯಿದ್ದ ನೆಲದಲ್ಲಿ! ವೈಲ್ಡ್‌ಬೀಸ್ಟ್ ಕರುಗಳಿಂದ ದನಗಳಿಗೆ ಹತ್ತುವ ಪ್ರಾಣಾಂತಿಕ ಜ್ವರವೊಂದಿದೆ. ಅದನ್ನು ಬಲ್ಲ ಮಾಸಾಯಿಗಳು ಈಯುವ ಕಾಲ ಬಂತೆಂದರೆ ತಮ್ಮ ದನಗಳನ್ನು ಹೊಡೆದುಕೊಂಡು ಮಲೆಯ ಮೇಲಕ್ಕೆ ಹೋಗಿಬಿಡುತ್ತಿದ್ದರು, ಕರುಗಳು ಬಲಿತಮೇಲೆ ಇಳಿದು ಬರುತ್ತಿದ್ದರು. ಒಂದೇ ಹುಲ್ಲನ್ನು ಸರದಿಯಲ್ಲಿ ಹಂಚಿಕೊಳ್ಳುವ ಈ ಏರ್ಪಾಟನ್ನು ಯಾವ ಅರಣ್ಯಾಧಿಕಾರಿಯೂ ಬರೆದುಕೊಟ್ಟದ್ದಲ್ಲ.

ಹಾದಿಯನ್ನು ಮುಚ್ಚಿದರೆ ಏನಾಗುವುದೆಂಬುದನ್ನು ಊಹಿಸಬೇಕಾಗಿಲ್ಲ. ಬೋಟ್ಸ್‌ವಾನಾದವರು ಮಾಡಿ ನೋಡಿದ್ದಾರೆ. ಯೂರೋಪಿಗೆ ಗೋಮಾಂಸ ಮಾರಬೇಕಾದರೆ ದನಗಳಿಗೆ ಕಾಲುಬಾಯಿ ಜ್ವರ ಇಲ್ಲವೆಂದು ಸಾಧಿಸಿ ತೋರಿಸಬೇಕು, ಅದಕ್ಕಾಗಿ ಕಾಡುಮೃಗವನ್ನು ದನದಿಂದ ದೂರವಿಡಬೇಕು ಎಂದು 1950ರ ದಶಕದಿಂದ ಆ ದೇಶದಲ್ಲಿ ನೂರಾರು ಮೈಲಿ ತಂತಿಬೇಲಿ ಎದ್ದಿತು. ಬರಗಾಲದಲ್ಲಿ ಕಲಹರಿಯಿಂದ ನೀರನ್ನರಸಿ ಉತ್ತರಕ್ಕೆ ಹೊರಟ ವೈಲ್ಡ್‌ಬೀಸ್ಟ್‌ಗಳು ಬೇಲಿಯನ್ನು ಕಂಡು, ಅದರ ಪಕ್ಕದಲ್ಲಿಯೇ ನಡೆದು ನಡೆದು ಹತ್ತಾರು ಸಾವಿರ ಸಂಖ್ಯೆಯಲ್ಲಿ ಸತ್ತವು. 1980ರ ದಶಕದ ಮೊದಲ ಭಾಗದಲ್ಲಿ ಆ ಹಿಂಡು ನೆಲಕಚ್ಚಿತು. ಅದೇ ದೇಶದಲ್ಲಿ ಒಕವಾಂಗೊ ಜೌಗಿನಿಂದ ಮಕ್ಗಡಿಕ್ಗಡಿ ಬಯಲಿಗೆ ಹೋಗುತ್ತಿದ್ದ ಜೀಬ್ರಾಗಳ ಹಾದಿಗೆ 1968ರಲ್ಲಿ ಬಂದ ಬೇಲಿಯನ್ನು 2004ರಲ್ಲಿ ಕಿತ್ತರು. ಮೂವತ್ತಾರು ವರ್ಷವೆಂದರೆ ಜೀಬ್ರಾದ ಆಯುಸ್ಸಿಗಿಂತ ಹೆಚ್ಚು. ಹಳೆಯ ಹಾದಿಯನ್ನು ತುಳಿದಿದ್ದ ಒಂದು ಪ್ರಾಣಿಯೂ ಬದುಕಿರಲಾರದು. ಆದರೂ ಕೆಲವೇ ವರ್ಷಗಳಲ್ಲಿ, ಹೋಗುಬರುವ ದಾರಿ ಕೂಡಿ ಐನೂರು ಕಿಲೋಮೀಟರಿಗೂ ಮೀರಿದ ಆ ಯಾತ್ರೆಯನ್ನು ಜೀಬ್ರಾಗಳು ಮತ್ತೆ ಹಿಡಿದವು. ನಾನು ಈ ವಿಷಯವನ್ನು ಓದಿದಾಗ ಮನಸ್ಸಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕೀನ್ಯಾದಲ್ಲಿಯಾದರೋ ಬೇಲಿ ಹಾಕುತ್ತಿರುವುದು ಸರಕಾರವಲ್ಲ, ಒಬ್ಬೊಬ್ಬ ಗೃಹಸ್ಥನು. ಮಾರಾಕ್ಕೆ ಈಶಾನ್ಯದಲ್ಲಿರುವ ಲೋಯಿಟಾ ಬಯಲಿನ ವೈಲ್ಡ್‌ಬೀಸ್ಟ್ ಹಿಂಡು 1977ರಲ್ಲಿ ಸುಮಾರು 1,20,000 ಇದ್ದದ್ದು ಇಪ್ಪತ್ತು ವರ್ಷಗಳಲ್ಲಿ ಸುಮಾರು 22,000ಕ್ಕೆ ಇಳಿಯಿತು. ಅವು ಕರು ಹಾಕುತ್ತಿದ್ದ ನೆಲದಲ್ಲಿ ಗೋಧಿ ಬೆಳೆದದ್ದು ಅದಕ್ಕೆ ಮುಖ್ಯಕಾರಣ. ತರುವಾಯ ಸಾಮೂಹಿಕವಾಗಿದ್ದ ಗೋಮಾಳಗಳು ಕುಟುಂಬ ಕುಟುಂಬಕ್ಕೆ ಹಂಚಿಹೋದವು. ಹಕ್ಕುಪತ್ರ ಕೈಗೆ ಬಂದವನು ತನ್ನ ಪಾಲಿನ ಹುಲ್ಲು ತನ್ನ ದನಕ್ಕೇ ಉಳಿಯಲೆಂದು ನಾಲ್ಕು ಕಡೆ ತಂತಿ ಬಿಗಿಯುತ್ತಾನೆ, ನೆರೆಯವನೂ ಬಿಗಿಯುತ್ತಾನೆ. ಅವನನ್ನು ದೂರುವುದು ಹೇಗೆ? ಸಾಲ ತೀರಿಸಬೇಕಾದವನೂ ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದವನೂ ಅವನೇ. ಸಂಚಾರದ ಸೊಬಗಿನಿಂದ ಅವನ ಒಲೆ ಉರಿಯುವುದಿಲ್ಲ. 2010ರಲ್ಲಿ ಟಾಂಜಾನಿಯಾ ಸರಕಾರವು ಸೆರೆಂಗೆಟಿಯ ಉತ್ತರಭಾಗವನ್ನು ಸೀಳಿಕೊಂಡು ಹೆದ್ದಾರಿಯೊಂದನ್ನು ಹಾಕಹೊರಟಾಗ ಜಗತ್ತೆಲ್ಲ ಕೂಗೆದ್ದಿತು; ಪೂರ್ವ ಆಫ್ರಿಕದ ನ್ಯಾಯಾಲಯವು 2014ರಲ್ಲಿ ಅಲ್ಲಿ ಡಾಂಬರು ರಸ್ತೆ ಕೂಡದೆಂದು ತೀರ್ಪಿತ್ತಿತು. ತೀರ್ಪು ಸರಿಯಾದದ್ದೇ. ಆದರೆ ಒಂದು ಹೆದ್ದಾರಿಗೆ ಎದ್ದ ಕೂಗಿನ ಹತ್ತರಲ್ಲೊಂದಂಶವೂ ಸಾವಿರ ಸಣ್ಣ ಬೇಲಿಗಳಿಗೆ ಏಳಲಿಲ್ಲ.

ಈ ನಡುವೆ ವೈಲ್ಡ್‌ಬೀಸ್ಟ್‌ಗಳ ಎಣಿಕೆಯೂ ಕಳವಳಕ್ಕೆ ಎಡೆಮಾಡಿದೆ. ವಿಮಾನದಿಂದ ಮಾಡಿದ ಲೆಕ್ಕಗಳು ದಶಕಗಳಿಂದ ಹದಿಮೂರು ಲಕ್ಷವೆನ್ನುತ್ತಿದ್ದರೆ, ಉಪಗ್ರಹದ ಚಿತ್ರಗಳನ್ನು ಯಂತ್ರಬುದ್ಧಿಯಿಂದ ಓದಿಸಿ 2025ರಲ್ಲಿ ಪ್ರಕಟಿಸಿದ ಲೆಕ್ಕವು ಆರು ಲಕ್ಷಕ್ಕೂ ಕಡಮೆಯೆಂದಿತು. ಅದನ್ನು ಮಾಡಿದವರೇ ಇದು ಹಠಾತ್ತಾದ ಕುಸಿತವೆಂದು ಅರ್ಥಮಾಡಬೇಡಿರಿ, ಎಣಿಸುವ ಕ್ರಮ ಬೇರೆ ಎಂದು ಎಚ್ಚರಿಸಿರುವರು. ಏನಿದ್ದರೂ ನಿಶ್ಚಿಂತೆಯಿಂದಿರಲು ಇದು ಕಾಲವಲ್ಲ.

ಪರಿಹಾರವೆಂದು ಎರಡು ಮಾರ್ಗಗಳು ಪ್ರಚಾರದಲ್ಲಿವೆ. ಒಂದು, ಜನರನ್ನು ಹೊರಡಿಸುವುದು. 2022ರ ಜೂನ್ ತಿಂಗಳಲ್ಲಿ ಟಾಂಜಾನಿಯಾದ ಲೋಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರು ಮೇವಿನ ನೆಲಕ್ಕೆ ಗಡಿಕಲ್ಲು ನೆಡಲು ಬಂದ ಪೋಲೀಸರಿಗೂ ಮಾಸಾಯಿಗಳಿಗೂ ಘರ್ಷಣೆಯಾಗಿ, ಪೋಲೀಸನೊಬ್ಬನು ಸತ್ತನು, ಗಾಯಗೊಂಡ ಮಾಸಾಯಿಗಳು ಗಡಿ ದಾಟಿ ಕೀನ್ಯಾಕ್ಕೆ ಓಡಿದರು. ಎನ್‌ಗೊರೊಂಗೊರೊದ ನಿವಾಸಿಗಳನ್ನು ನೂರಾರು ಕಿಲೋಮೀಟರು ದೂರದ ಮ್ಸೊಮೆರಾಕ್ಕೆ ಸಾಗಿಸುವ ಕಾರ್ಯವೂ ಅದೇ ವರ್ಷ ಮೊದಲಾಯಿತು. ಅಲೆದಾಡುವ ಮೃಗದ ಸ್ವಾತಂತ್ರ್ಯಕ್ಕಾಗಿ ಅಲೆದಾಡುವ ಮನುಷ್ಯನ ಕಾಲನ್ನು ಕಟ್ಟುವ ಈ ನೀತಿಯನ್ನು ಧರ್ಮವೆನ್ನಲಾಗದು, ಜಾಣತನವೆನ್ನಲೂ ಆಗದು. ನೆಲವನ್ನು ತೆರೆದಿಟ್ಟಿದ್ದವರನ್ನೇ ಶತ್ರುಗಳನ್ನಾಗಿ ಮಾಡಿಕೊಂಡಮೇಲೆ ಹಾದಿಯನ್ನು ಕಾಯುವವರು ಯಾರು?

ಎರಡನೆಯ ಮಾರ್ಗ ಮಾರಾದ ಸುತ್ತ ಇಪ್ಪತ್ತು ವರ್ಷಗಳಿಂದ ನಡೆದಿದೆ. ಅಕ್ಕಪಕ್ಕದ ನೂರಾರು ಭೂಮಾಲಿಕರು ತಮ್ಮ ಪಾಲುಗಳನ್ನು ಬೇಲಿಯಿಲ್ಲದೆ ಒಂದುಗೂಡಿಸಿ ಪ್ರವಾಸಿ ಬಿಡಾರದವರಿಗೆ ಗೇಣಿಗೆ ಕೊಡುತ್ತಾರೆ; ಗೇಣಿ ತಿಂಗಳು ತಿಂಗಳು ಸಲ್ಲುವುದು; ದನ ಮೇಯಿಸಲು ಸರದಿಯಿರುವುದು. ಓಲಾರೆ ಓರೊಕ್, ನಬೊಯಿಶೊ ಮೊದಲಾದವು ಹೀಗೆ ಹುಟ್ಟಿದವು. ನಿರ್ದುಷ್ಟವಾದ ವ್ಯವಸ್ಥೆಯೆಂದು ನಾನು ಹೇಳುವುದಿಲ್ಲ: ಹಕ್ಕುಪತ್ರದಲ್ಲಿ ಹೆಸರಿಲ್ಲದ ಹೆಂಗಸರಿಗೆ ಬಿಡಿಗಾಸಿಲ್ಲ, 2020ರ ಮಹಾಮಾರಿಯಲ್ಲಿ ಪ್ರವಾಸಿಗರು ಬಾರದೆಹೋದಾಗ ಗೇಣಿಗೂ ಸಂಚಕಾರ ಬಂದಿತು. ಆದರೂ ಬೇಲಿಯನ್ನು ಬೇಡವೆನ್ನಲು ಭೂಮಿಯ ಒಡೆಯನಿಗೆ ಕಾರಣವನ್ನು ಕೊಟ್ಟದ್ದು ಇದೊಂದೇ.

ಜುಲೈ ಆಗಸ್ಟ್ ತಿಂಗಳುಗಳಲ್ಲಿ ಬೆಂಗಳೂರಿನಿಂದ ನೈರೋಬಿಗೆ ಹೊರಡುವವರ ಸಂಖ್ಯೆ ಸಣ್ಣದಲ್ಲ. ಉದ್ದುದ್ದ ಕ್ಯಾಮೆರಾ ಹೊತ್ತ ಕನ್ನಡಿಗರೂ ಅವರಲ್ಲಿದ್ದಾರೆ. 2025ರ ಜುಲೈಯಲ್ಲಿ ಮಾರಾ ನದಿಯ ದಡದಲ್ಲಿ ಪ್ರವಾಸಿಗರು ವಾಹನಗಳಿಂದ ಇಳಿದು ಹಿಂಡಿಗೆ ಅಡ್ಡನಿಂತ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಹೊರಡತಕ್ಕವರಲ್ಲಿ ನನ್ನದೊಂದು ವಿಜ್ಞಾಪನೆ: ಇನ್ನೂ ಹತ್ತಿರ ಹೋಗಪ್ಪಾ ಎಂದು ಚಾಲಕನನ್ನು ಪೀಡಿಸಬೇಡಿರಿ. ಮುಂಗಡ ಹಣ ಕಟ್ಟುವುದಕ್ಕೆ ಮುನ್ನ, ನೀವು ತಂಗಲಿರುವ ಬಿಡಾರದ ನೆಲ ಯಾರದು, ಅವರಿಗೆ ಗೇಣಿ ಸಲ್ಲುತ್ತಿದೆಯೆ ಎಂದು ಕೇಳಿರಿ. ನೆಟ್ಟನೆಯ ಉತ್ತರ ಬಾರದಿದ್ದರೆ ಬೇರೊಂದು ಬಿಡಾರವನ್ನು ನೋಡಿಕೊಳ್ಳಿರಿ.